ತಪ್ಪು ಯಾರದ್ದೆಂದು ಹೇಳಿಸಿದ ಗಿರಿಜಕ್ಕ

ಸಿಟ್ಟು ಬಂದರೆ ಅಜ್ಜಂಪುರದ ಗಿರಿಜಕ್ಕ ದನಿ ಏರಿಸುತ್ತಿರಲಿಲ್ಲ, ತಗ್ಗಿಸುತ್ತಿದ್ದಳು. ಅವಳ ಮಾತು ಪಿಸುಮಾತಾಯಿತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಅರವತ್ತರ ದಶಕದ ಕೊನೆಗೆ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನಾವಿಬ್ಬರೂ ಕಂಪ್ಯೂಟರ್ ವಿಭಾಗದಲ್ಲಿದ್ದೆವು. ನಾನು ಕಡೂರಿನವಳು, ಊರಿಗೆ ಹೊರಟರೆ ಇಬ್ಬರಿಗೂ ಒಂದೇ ರೈಲು. ಯಂತ್ರ ಶುರುವಾದ ಕೂಡಲೇ ಮಿಕ್ಕೆಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮು ಎದ್ದು, ತನ್ನ ಪಟ್ಟಿಗಳಿಗೆ ಮೆಮೊರಿಯಲ್ಲಿ ಜಾಗ ಕೇಳುತ್ತಿತ್ತು. ಅದನ್ನು ಬರೆದವಳು ಗಿರಿಜಕ್ಕ. ಜಾಗ ಸಿಗದಿದ್ದರೆ ಏನು ಮಾಡಬೇಕೆಂದೂ ಬರೆದಿದ್ದಳು. ವಿಭಾಗದ ಮುಖ್ಯಸ್ಥರು ಅದನ್ನು ತೆಗೆಸಿದರು. "ಈಗತಾನೇ ಎದ್ದ ಯಂತ್ರದಲ್ಲಿ ಜಾಗಕ್ಕೇನ್ರೀ ಬರ?"

ಸಂಸ್ಥೆಯ ಡೈರೆಕ್ಟರು ಯಂತ್ರ ನೋಡಲು ಬಂದ ದಿನವೇ ಮೆಮೊರಿಯ ಒಂದು ಭಾಗ ಕೆಟ್ಟಿತು. ಸಿಗದ ಜಾಗವನ್ನು ಸಿಕ್ಕಿತೆಂದುಕೊಂಡ ಪ್ರೋಗ್ರಾಮು ಪಟ್ಟಿಗಳನ್ನು ತನ್ನ ಮೇಲೆಯೇ ಬರೆದುಕೊಂಡಿತು. ಯಂತ್ರ ನಿಂತುಹೋಯಿತು.

"ಹೆಂಗಸರ ಕೈಗೆ ಕೊಟ್ರೆ ಹೀಗೇ," ಎಂದರು ಮುಖ್ಯಸ್ಥರು. ಕೋಣೆಯಲ್ಲಿದ್ದ ಗಂಡಸರೆಲ್ಲ ನಕ್ಕರು.

ಅವಳು ರಜೆ ಹಾಕಿ ಊರಿಗೆ ಹೋದಳು. ನಾನು ನೋಡಲು ಹೋದಾಗ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಬಿಟ್ಬಿಡಕ್ಕ," ಎಂದೆ.

"ಬಿಡಲ್ಲ ಕಣೇ. ಯಂತ್ರಾನೂ ಕೆಡಿಸಲ್ಲ, ಕೆಲಸಾನೂ ಬಿಡಲ್ಲ. ತಪ್ಪು ಯಾರದ್ದೂಂತ ಅವನ ಬಾಯಲ್ಲೇ ಹೇಳಿಸ್ತೀನಿ."

ವಾಪಸು ಬಂದವಳು, ಮುಖ್ಯಸ್ಥರು ತೆಗೆಸಿದ್ದನ್ನೆಲ್ಲ ಮತ್ತೆ ಸೇರಿಸಿದಳು. ಡೈರೆಕ್ಟರು ಮತ್ತೆ ಬಂದಾಗ, ಅವರೆದುರೇ ಮೆಮೊರಿಯ ಒಂದು ಭಾಗವನ್ನು ಬೇಕೆಂದೇ ಬಂದ್ ಮಾಡಿ ಯಂತ್ರ ಶುರುಮಾಡಿದಳು. ಟೈಪ್‌ರೈಟರ್ ಇಂಗ್ಲಿಷಿನಲ್ಲಿ ಕಟಕಟನೆ ಹೊಡೆಯಿತು: ಕೇಳಿದಷ್ಟು ಜಾಗವಿಲ್ಲ, ಚಿಕ್ಕ ಪಟ್ಟಿಗಳೊಂದಿಗೆ ಕೆಲಸ ಮುಂದುವರಿಯುತ್ತದೆ, ಈ ತಪಾಸಣೆಯನ್ನು ಹಿಂದೆ ತೆಗೆಸಿದವರು ವಿಭಾಗದ ಮುಖ್ಯಸ್ಥರು. ಯಂತ್ರ ನಿಲ್ಲದೆ ನಡೆಯಿತು.

ಡೈರೆಕ್ಟರು ಕಾಗದ ಓದಿದರು. "ಆ ಕೊನೇ ಸಾಲು ತೆಗೀಮ್ಮ."

"ತೆಗೀತೀನಿ ಸಾರ್. ಅವತ್ತಿನ ತಪ್ಪು ಯಾರದ್ದು ಅಂತ ಇವರು ಹೇಳ್ಲಿ."

ಮುಖ್ಯಸ್ಥರು ಏನೋ ಗೊಣಗಿದರು.

"ಅವತ್ತು ನಕ್ಕೋರಿಗೆ ಕೇಳಿಸ್ಲಿಲ್ಲ ಸಾರ್," ಎಂದಳು, ಪಿಸುದನಿಯಲ್ಲಿ.

"ತಪ್ಪು ನಂದೇ," ಎಂದರು ಅವರು, ಈ ಸಲ ಗಟ್ಟಿಯಾಗಿ. ಅವಳು ಅಂದೇ ಆ ಸಾಲು ತೆಗೆದಳು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮುಂದೆ ನಾನು ಮದುವೆಯಾಗಿ, ಕೆಲಸ ಬಿಟ್ಟು ತರೀಕೆರೆಗೆ ಬಂದೆ. ಊರಿಗೆ ಬಂದಿದ್ದ ಗಿರಿಜಕ್ಕ ಒಮ್ಮೆ ನನ್ನ ಮನೆಯಲ್ಲಿ ಉಳಿದು ಬೆಂಗಳೂರಿಗೆ ಹೊರಟಳು. ಮುಖ್ಯಸ್ಥರು ನಿವೃತ್ತರಾಗುತ್ತಿದ್ದರು, ಮಾರನೆಯ ದಿನ ಬೀಳ್ಕೊಡುಗೆ.

"ನೀನು ಹೋಗ್ತೀಯಾ ಅಕ್ಕ?" ಎಂದೆ ಸ್ಟೇಷನ್ನಿನಲ್ಲಿ.

"ಹೋಗ್ದೇ ಇರ್ತೀನಾ? ಮುಂದಿನ ಸಾಲಲ್ಲೇ ಕೂತ್ಕೋತೀನಿ. ನನ್ನ ಮುಖ ನೋಡ್ಕೊಂಡೇ ಭಾಷಣ ಮಾಡ್ಲಿ."

ರೈಲು ಬಂತು. ಕಿಟಕಿಯ ಪಕ್ಕ ಕೂತು, ಒಳ್ಳೆಯ ರೇಷ್ಮೆ ಸೀರೆಯ ಸೆರಗನ್ನು ಸರಿಮಾಡಿಕೊಂಡಳು. ನಾನು ಅವಳನ್ನು ಮತ್ತೆ ನೋಡಲಿಲ್ಲ.