ಮುಳ್ಳು ಮೇಷ್ಟ್ರು

ಕಾಲೇಜಿನ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ಕೂರುವ ಈ ಮನುಷ್ಯನನ್ನು ಎಲ್ಲರೂ ಕರೆಯುವುದು ಮುಳ್ಳು ಮೇಷ್ಟ್ರು ಎಂದೇ. ಎಣ್ಣೆಯಲ್ಲಿ ಅಯಸ್ಕಾಂತದ ನುಣ್ಣನೆಯ ಪುಡಿ ಬೆರೆಸಿದ ಒಂದು ಬಟ್ಟಲು ಕಪ್ಪು ದ್ರವ, ಅದರಡಿ ತಾಮ್ರದ ತಂತಿಯ ಸುರುಳಿ, ಇಷ್ಟೇ ಅವರ ಸಂಸಾರ. ಸುರುಳಿಗೆ ಕರೆಂಟನ್ನು ಇಷ್ಟಿಷ್ಟೇ ಏರಿಸುತ್ತ ಹೋದರೆ, ಕನ್ನಡಿಯಂತಿದ್ದ ದ್ರವ ಯಾವುದೋ ಒಂದು ಗಳಿಗೆಯಲ್ಲಿ ಮೈತುಂಬ ಮುಳ್ಳೆಬ್ಬಿಸಿಕೊಂಡು ನಿಲ್ಲುತ್ತದೆ. ಆಗ ಕರೆಂಟು ಎಷ್ಟಿತ್ತೆಂದು ಅಳೆದು ಬರೆದಿಡುವುದೇ ಅವರ ಕೆಲಸ. ಆ ಗಳಿಗೆ ಹತ್ತಿರವಾದಾಗ ಬಾಗಿಲು ಬಡಿದರೂ ಸಾಕು, ಮುಳ್ಳು ಮೊದಲೇ ಎದ್ದು ಅಳತೆಯೆಲ್ಲ ಹಾಳು. ಅದಕ್ಕೇ ಮೇಷ್ಟ್ರು ಚಪ್ಪಲಿಯನ್ನು ಮೇಲಿನ ಮೆಟ್ಟಿಲಲ್ಲೇ ಬಿಡುತ್ತಾರೆ. ಸೀನು ಬಂದರೆ ಮೂಗು ಹಿಡಿದುಕೊಂಡು ಅಂಗಳದವರೆಗೂ ಓಡುತ್ತಾರೆ. "ಏಳು ತಾಯಿ, ನಿಧಾನವಾಗಿ" ಎಂದು ಬಟ್ಟಲನ್ನು ಪಿಸುಮಾತಿನಲ್ಲೇ ರಮಿಸುತ್ತಾರೆ. ಕಸ ಗುಡಿಸುವಾಕೆ ಹೊರಗೆ ನಿಂತು, "ಮೇಷ್ಟ್ರೇ, ಉಸಿರಾಡಬಹುದಾ?" ಎಂದು ಕೇಳಿ ನಗುತ್ತಾಳೆ. ಅವರ ದಾಖಲೆ ಪುಸ್ತಕದ ಪ್ರತಿ ಪುಟದ ಕೊನೆಗೆ 'ಅಡಚಣೆ' ಎಂಬ ಕಾಲಂ ಇದೆ. ಹಳೆಯ ಪುಟಗಳಲ್ಲಿ ಅಲ್ಲಿ ದಿನವೂ ಒಂದೇ ಮಾತು: 'ಮಧ್ಯಾಹ್ನ ಒಂದು ಗಂಟೆ. ಹೆಂಡತಿ ಊಟದ ಡಬ್ಬಿ ತಂದಳು. ಮುಳ್ಳು ಎದ್ದಿತು.' "ಮೆಲ್ಲಗೆ ಬರೋಕಾಗಲ್ವೇನೇ?" ಎಂದು ಮೇಷ್ಟ್ರು ರೇಗುವುದು, "ನಿಮ್ಮ ಹೊಟ್ಟೆಗೂ ಕರೆಂಟು ಬೇಕಲ್ರೀ" ಎಂದು ಆಕೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕುವುದು, ಇದು ಇಪ್ಪತ್ತು ವರ್ಷ ನಡೆಯಿತು. ಆಕೆ ತೀರಿಕೊಂಡ ಮೇಲೆ ಅಳತೆ ಒಂದು ದಿನವೂ ಕೆಟ್ಟಿಲ್ಲ. ಆದರೂ ಒಂದು ಗಂಟೆಯಾಗುತ್ತಲೇ ಮೇಷ್ಟ್ರು ಕರೆಂಟನ್ನು ಮುಳ್ಳೇಳುವ ಅಂಚಿಗೆ ತಂದು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಬಟ್ಟಲನ್ನೇ ನೋಡುತ್ತ ಕೂರುತ್ತಾರೆ. ಕಾಲು ಗಂಟೆ ಕಳೆದರೂ ದ್ರವ ಮಿಸುಕುವುದಿಲ್ಲ. ಆಗ ಪೆನ್ನು ತೆಗೆದು, ಅಡಚಣೆಯ ಕಾಲಂನಲ್ಲಿ 'ಇಲ್ಲ' ಎಂದು ಬರೆಯುತ್ತಾರೆ.