ಹಿತ್ತಾಳೆ ಮೊಳೆಯಿಂದ ಎಷ್ಟು ಎತ್ತರ?

ಕಡಲನ್ನು ಅಭ್ಯಾಸ ಮಾಡುವವರಲ್ಲಿ ಅದರ ಆಳಕ್ಕೆ ಇಳಿದವರಿದ್ದಾರೆ, ಅದರ ಜೀವಿಗಳಿಗೆ ಹೆಸರಿಟ್ಟವರಿದ್ದಾರೆ, ಅದರ ಬಗ್ಗೆ ದೇಶದೇಶಗಳಲ್ಲಿ ಉಪನ್ಯಾಸ ಕೊಟ್ಟು ಫಲಕಗಳನ್ನು ಹೊತ್ತು ತಂದವರೂ ಇದ್ದಾರೆ. ಆದರೆ ಈ ಕಡಲು ಈ ಹೊತ್ತಿನಲ್ಲಿ ಎಷ್ಟು ಎತ್ತರಕ್ಕಿದೆ ಎಂದು ಮೂವತ್ತನಾಲ್ಕು ವರ್ಷ, ದಿನಕ್ಕೆರಡು ಸಲ, ಕಟ್ಟೆಯ ತುದಿಯವರೆಗೆ ನಡೆದು ನೋಡಿ ಬಂದವರು ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಒಬ್ಬರೇ. ಅವರ ಹುದ್ದೆ ಹಿರಿಯ ತಾಂತ್ರಿಕ ಸಹಾಯಕಿಯದು. ಇಲ್ಲಿಯೂ, ಸಹಯೋಗದ ಎರಡು ಹೊರದೇಶಗಳಲ್ಲಿಯೂ ಅವರನ್ನು ಎಲ್ಲರೂ ಬಲ್ಲದ್ದು ‘ಮೊಳೆ ಮೇಡಂ’ ಎಂದು. ಅವರಿಂದ ಒಮ್ಮೆಯೂ ರೋಸಿಹೋಗದ ಲೇಖಕರು ಈ ಅಭಿನಂದನ ಸಂಪುಟದಲ್ಲಿ ಯಾರೂ ಇಲ್ಲವೆಂದು ಮೊದಲೇ ಒಪ್ಪಿಕೊಳ್ಳುವುದು ಮರ್ಯಾದೆ. ಅವರು ನಮ್ಮಿಂದ ರೋಸಿಹೋದದ್ದನ್ನು ಬರೆಯಲು ಕೂತರೆ ಇನ್ನೊಂದು ಸಂಪುಟವೇ ಬೇಕಾದೀತು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ದಿನ ಅವರ ಕೈಗೆ ಬಂದದ್ದು ಒಂದು ಅಳತೆಗೋಲು, ಒಂದು ಪುಸ್ತಕ, ಮತ್ತು ಕಟ್ಟೆಯ ಕಲ್ಲಿನಲ್ಲಿ ಯಾರೋ ಹಿರಿಯರು ಬಡಿದಿಟ್ಟಿದ್ದ ಒಂದು ಹಿತ್ತಾಳೆ ಮೊಳೆ. ಭರತ ಎಷ್ಟು ಏರಿತು, ಇಳಿತ ಎಷ್ಟು ಇಳಿಯಿತು ಎಂಬುದನ್ನೆಲ್ಲ ಆ ಮೊಳೆಯಿಂದಲೇ ಅಳೆಯಬೇಕು; ಅದೇ ಸೊನ್ನೆ. ಪ್ರತಿ ಸೋಮವಾರ ಹಳೆಯ ಕಾಲುಚೀಲವೊಂದರಿಂದ ಅದನ್ನು ಉಜ್ಜುವ ಪದ್ಧತಿಯನ್ನು ಅವರು ಯಾರೂ ಹೇಳದೆ ಆರಂಭಿಸಿದರು.

ಮೂರನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಅವರು ಹೇಳದೆ ಕೇಳದೆ ಗ್ರಂಥಾಲಯಕ್ಕೆ ನುಗ್ಗಿ, ಕೆಳಗಿನ ಕಪಾಟಿನ ಪುಸ್ತಕಗಳನ್ನೆಲ್ಲ ಒಂದು ಮೊಳ ಮೇಲಕ್ಕೆ ಏರಿಸತೊಡಗಿದರು. ಈ ಸಾಲುಗಳನ್ನು ಬರೆಯುತ್ತಿರುವ ಅಂದಿನ ಗ್ರಂಥಪಾಲಕಿ ರೇಗಿ, “ಏನಮ್ಮ ಇದು, ನಾನೇನು ಸತ್ತುಹೋದ್ನಾ?” ಎಂದು ಕೇಳಿದಾಗ ಬಂದ ಉತ್ತರ ಇಷ್ಟೇ: “ಅಕ್ಕಾ, ದೊಡ್ಡ ಭರತದ ದಿನ ಗಾಳಿಯೂ ಸೇರಿದ್ರೆ ನೀರು ಇಲ್ಲೀತನಕ ಬರತ್ತೆ.” ಮರುವರ್ಷ ನೀರು ಬಂತು, ಪುಸ್ತಕಗಳಿಗೆ ನಾಲ್ಕು ಬೆರಳು ಕೆಳಗೆ ನಿಂತಿತು. ‘ಹೇಳಿರ್ಲಿಲ್ವಾ’ ಎಂಬ ಒಂದು ಮಾತನ್ನು ಅವರ ಬಾಯಿಂದ ನಿರೀಕ್ಷಿಸಿದ್ದ ಗ್ರಂಥಪಾಲಕಿಗೆ ಸಿಕ್ಕಿದ್ದು ನೆಲ ಒರೆಸುವ ಎರಡು ಬಟ್ಟೆ ಮತ್ತು ಒಬ್ಬ ಜೊತೆಗಾರ್ತಿ.

ಅವರ ಸೇವೆಯ ಹತ್ತೊಂಬತ್ತನೆಯ ವರ್ಷದಲ್ಲಿ ಮೂರು ದೇಶಗಳ ಕರಾವಳಿ ಪುನಶ್ಚೇತನ ಯೋಜನೆ ನಮ್ಮಲ್ಲಿಗೆ ಬಂತು. ಕಟ್ಟೆಯ ಪಕ್ಕದ ಕೆಸರುಬಯಲಿನ ಅಂಚಿನಲ್ಲಿ ಮೀನುಗಾರರ ಇಪ್ಪತ್ತಮೂರು ಮನೆಗಳಿದ್ದವು. ಕೊನೆಯ ಮನೆಯ ಹಿಂಗೋಡೆಯನ್ನು ಅಲೆ ಆಗಲೇ ನೆಕ್ಕತೊಡಗಿತ್ತು. ಉಪ್ಪುನೀರಿನಲ್ಲಿ ಬೇರುಬಿಡುವ ಕಾಂಡ್ಲಾ ಗಿಡಗಳನ್ನು ಬಯಲಿನಲ್ಲಿ ಬೆಳೆಸಿ ಅಲೆಯ ಹೊಡೆತ ತಗ್ಗಿಸುವುದು ಯೋಜನೆಯ ಉದ್ದೇಶ; ಅದು ಕೈಗೂಡದಿದ್ದರೆ ಅಷ್ಟೂ ಮನೆಗಳನ್ನು ಎಬ್ಬಿಸಿ ಊರಾಚೆಗೆ ಸಾಗಿಸುವುದೆಂದು ನಗರಾಡಳಿತ ತೀರ್ಮಾನಿಸಿತ್ತು.

ಗಿಡ ನೆಡಬೇಕಾದ ಎತ್ತರವನ್ನು ಲೆಕ್ಕಹಾಕಿದವರು ಹಿಮದ ನಾಡಿನ ವಿಜ್ಞಾನಿಗಳು: ಸೊನ್ನೆಯಿಂದ ಮೂವತ್ತು ಸೆಂಟಿಮೀಟರ್ ಮೇಲೆ. ಅದರಂತೆ ಬಯಲಿನಲ್ಲಿ ಗುರುತಿನ ಬಾವುಟ ನೆಟ್ಟವರು ಕಡಲಿನ ಆಚೆ ದಡದ ದೇಶದವರು. ಮೊದಲ ಸಭೆಯಲ್ಲೇ ಮೊಳೆ ಮೇಡಂ ಕೈಯೆತ್ತಿ, “ಸೊನ್ನೆ ಅಂದ್ರೆ ಯಾರ ಸೊನ್ನೆ?” ಎಂದು ಕೇಳಿದರು. ಸಭೆ ನಕ್ಕಿತು. ನಡವಳಿಯಲ್ಲಿ ‘ತಾಂತ್ರಿಕ ವಿವರ, ಮುಂದೆ ಚರ್ಚಿಸುವುದು’ ಎಂದು ದಾಖಲಾಯಿತು. ಎರಡನೆಯ ಸಭೆಯಲ್ಲಿ ಕೇಳಿದರು. ಅದೇ ವಾಕ್ಯ ದಾಖಲಾಯಿತು. ಮೂರನೆಯ ಸಲ ನಿರ್ದೇಶಕರಿಗೆ ತಾಳ್ಮೆ ತಪ್ಪಿತು. “ಮೇಡಂ, ಸೊನ್ನೆ ಅಂದ್ರೆ ಸೊನ್ನೆ ಕಣ್ರೀ! ಒಂದನೇ ಕ್ಲಾಸಿನ ಮಗೂಗೂ ಗೊತ್ತು.” ಆ ದಿನದ ನಡವಳಿಯಲ್ಲೂ ಅದೇ ವಾಕ್ಯವಿದೆ, ಬೇಕಾದವರು ಗ್ರಂಥಾಲಯದಲ್ಲಿ ನೋಡಬಹುದು.

ಮೊಳೆ ಮೇಡಂ ಅಂದು ಮನೆಗೆ ಹೋಗಿ, “ಹಾಳಾಗಿ ಹೋಗ್ಲಿ, ನನಗೇನು?” ಎಂದು ಚೀಲ ತುಂಬಿಕೊಂಡು ತಂಗಿಯ ಮನೆಗೆ ನಾಲ್ಕು ದಿನದ ರಜೆಯ ಮೇಲೆ ನಡೆದರು. ಹನ್ನೊಂದು ಸಾವಿರ ಗಿಡಗಳನ್ನು ನೆಟ್ಟದ್ದು ಆ ನಾಲ್ಕು ದಿನಗಳಲ್ಲಿ. ಬಾವುಟಗಳು ಬಯಲಿನ ಬಹುದೂರಕ್ಕೆ, ನೀರಿನ ಕಡೆಗೆ ಇದ್ದುದನ್ನು ಗುರುತಿಸಿದವರು ಕೊನೆಯ ಮನೆಯ ಬಲೆ ಅಜ್ಜಿ ಒಬ್ಬರೇ. “ಅಷ್ಟು ದೂರದಲ್ಲಿ ಭರತ ಬಂದ್ರೆ ನನ್ನ ಸೊಂಟ ಮುಳುಗತ್ತೆ. ಗೇಣುದ್ದದ ಗಿಡ ಉಸಿರಾಡತ್ತಾ?” ಎಂದು ಅವರು ಕೇಳಿದ್ದನ್ನು ನಡವಳಿಯಲ್ಲಿ ದಾಖಲಿಸಲು ಸಹ ಯಾರೂ ಇರಲಿಲ್ಲ.

ಎರಡು ತಿಂಗಳಲ್ಲಿ ಗಿಡಗಳು ಕೊಳೆತುಹೋದವು. ಹಿಮದ ನಾಡಿನವರ ಸೊನ್ನೆ ಕಡಲಿನ ಸರಾಸರಿ ಮಟ್ಟದ್ದು; ಆಚೆ ದಡದವರದು ಅತಿ ತಗ್ಗಿನ ಇಳಿತದ ಮಟ್ಟದ್ದು. ನಡುವಿನ ಅಂತರ, ಎಂದರೆ ಗಿಡಗಳು ಲೆಕ್ಕಕ್ಕಿಂತ ತಗ್ಗಿಗೆ ಬಿದ್ದ ಅಂತರ, ತೊಂಬತ್ತು ಸೆಂಟಿಮೀಟರ್. ಮೂರು ದೇಶಗಳ ಡಾಕ್ಟರೇಟುಗಳನ್ನು ಒಂದರ ಮೇಲೊಂದು ಇಟ್ಟರೂ ಅದು ತುಂಬಲಿಲ್ಲ.

ಲೆಕ್ಕ ಹಾಕಿದ್ದ ಹಿಮದ ನಾಡಿನ ಯುವ ವಿಜ್ಞಾನಿ ಬಯಲನ್ನು ನೋಡಿ ಬಂದು, ಒದ್ದೆ ಕಾಲಿನಲ್ಲೇ ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಅತ್ತರು. ಅವರ ಕೆಲಸ ಉಳಿಯುವುದು ಈ ಯೋಜನೆಯ ವರದಿಯ ಮೇಲೆ ನಿಂತಿತ್ತು. ಮೊಳೆ ಮೇಡಂ ಒಳಗೆ ಬಂದು, ಒಣಗಿದ ಒಂದು ಜೊತೆ ಕಾಲುಚೀಲವನ್ನು ಅವರ ಮಡಿಲಿಗೆ ಹಾಕಿ, “ಮೊದಲು ಕಾಲು ಒರೆಸ್ಕೋ. ಅಳೋದು ಆಮೇಲೆ ಇದ್ದೇ ಇದೆ” ಎಂದರು. ವೈಫಲ್ಯದ ವರದಿಯಲ್ಲಿ ‘ಕಾರಣ’ ಎಂಬಲ್ಲಿ ಏನು ಬರೆಯುವುದೆಂದು ಮೂರು ದೇಶಗಳೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಮೊಳೆ ಮೇಡಂ ತಾವೇ ಬರೆದರು: ‘ಮೂವರೂ ಪರಸ್ಪರ ಕೇಳಲಿಲ್ಲ. ಕೇಳಿದವಳು ಉತ್ತರ ಬರುವ ಮುಂಚೆ ಸಿಟ್ಟುಮಾಡಿಕೊಂಡು ರಜೆ ಹಾಕಿದಳು.’ ಎರಡನೆಯ ವಾಕ್ಯವನ್ನು ತೆಗೆಯಿರೆಂದು ನಿರ್ದೇಶಕರು ಬೇಡಿಕೊಂಡರು, ಗದರಿದರು, ಕೊನೆಗೆ ಕೈಮುಗಿದರು. ಅದು ಇಂದಿಗೂ ಅಲ್ಲೇ ಇದೆ. ಯುವ ವಿಜ್ಞಾನಿಯ ಕೆಲಸವೂ ಉಳಿಯಿತು.

ಇನ್ನೊಂದೇ ಋತುವಿನ ಅವಕಾಶ ಸಿಕ್ಕಿತು. ಈ ಬಾರಿ ಮೊಳೆ ಮೇಡಂ ಸಭೆಗೆ ಹೋಗಲಿಲ್ಲ. ಸಭೆಯನ್ನೇ ಕೆಸರಿಗೆ ಕರೆಸಿದರು. ಇಳಿತದ ಹೊತ್ತಿಗೆ ಮೂರು ತಂಡಗಳ ಮುಖ್ಯಸ್ಥರು ಗಂಬೂಟು ಹಾಕಿಕೊಂಡು ಮೊಣಕಾಲುದ್ದದ ರೊಜ್ಜಿನಲ್ಲಿ ನಿಂತರು. ನಿರ್ದೇಶಕರು ದಡದಿಂದ ಕೂಗಿದರು: “ಇಷ್ಟು ದೊಡ್ಡೋರನ್ನ ಎಷ್ಟೊತ್ತು ನಿಲ್ಲಿಸ್ತೀರಿ ಮೇಡಂ?”

“ಗಿಡ ಎರಡು ತಿಂಗಳು ನಿಂತಿತ್ತಲ್ಲ, ಸರ್!”

ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಬಳಸುವ ನೀರಿನ ಕೊಳವೆಯನ್ನು ಹಿಡಿದು, ಗೂಟದಿಂದ ಗೂಟಕ್ಕೆ, ಹಿತ್ತಾಳೆ ಮೊಳೆಯ ಮಟ್ಟವನ್ನು ಅವರು ಬಯಲಿನ ನಡುವಿನವರೆಗೆ ತಂದರು. ಅಲ್ಲಿ ಒಂದು ಕಂಬ ನೆಟ್ಟು ಮೂರು ದೇಶಗಳ ಅಳತೆಗೋಲುಗಳನ್ನು ಒಂದೇ ಹಗ್ಗದಲ್ಲಿ ಬಿಗಿದರು. ಯಾರ ಸೊನ್ನೆ ಎಲ್ಲಿದೆ ಎಂಬುದು ಈಗ ಅಕ್ಷರ ಬಾರದವರಿಗೂ ಕಾಣುತ್ತಿತ್ತು. ಬಾವುಟಗಳು ನೂರಾರು ಹೆಜ್ಜೆ ದಡದ ಕಡೆಗೆ ಸರಿದವು. ಬಲೆ ಅಜ್ಜಿ ನೋಡಿ, “ಈಗ ಸರಿಯಾಯ್ತು. ಇದನ್ನ ಹೇಳೋಕೆ ಮೂರು ದೇಶ ಬೇಕಾಯ್ತಾ?” ಎಂದರು.

ಗಿಡ ನಿಂತಿತು, ಇಪ್ಪತ್ತಮೂರು ಮನೆಗಳೂ ನಿಂತವು. ಮೊಳೆ ಮೇಡಂಗೆ ನೆಮ್ಮದಿ ಸಿಕ್ಕಿತೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ಗಿಡಗಳು ಎದೆಯೆತ್ತರಕ್ಕೆ ಬಂದದ್ದೇ ತಡ, ಬಲೆ ಅಜ್ಜಿ ಅವುಗಳ ಮೇಲೆ ಬಲೆ ಒಣಗಹಾಕತೊಡಗಿದರು.

“ಅಜ್ಜೀ, ಕೊಂಬೆ ಮುರಿಯತ್ತೆ! ಎಷ್ಟು ಸಲ ಹೇಳ್ಬೇಕು?”

“ನನ್ನ ಬಲೆ ಹೊರದಿರೋ ಗಿಡ ಅಲೆ ಹೊರತ್ತಾ, ಮಗಳೇ?”

ಈ ವಾಗ್ವಾದಕ್ಕೆ ಈಗ ಹನ್ನೆರಡು ವರ್ಷ. ನಡುವೆ ಯಾವಾಗಲೋ ಒಂದು ದಿನ ಅಜ್ಜಿಯ ಹಿತ್ತಲಿನಲ್ಲಿ ಬಲೆ ಒಣಗಿಸಲು ಎರಡು ಕಂಬ, ಒಂದು ತಂತಿ ತಾವಾಗಿಯೇ ಹುಟ್ಟಿಕೊಂಡವು. ಯಾರು ಹಾಕಿಸಿದರೆಂದು ಕೇಳಿದರೆ ಮೊಳೆ ಮೇಡಂ ಭರತದ ಪಟ್ಟಿ ನೋಡತೊಡಗುತ್ತಾರೆ. ಅಜ್ಜಿ ಈಗಲೂ ಬಲೆ ಹಾಕುವುದು ಗಿಡದ ಮೇಲೆಯೇ. ತಂತಿಯ ಮೇಲೆ ಬಟ್ಟೆ ಒಣಗುತ್ತದೆ.

ಈ ಲೇಖನದ ಕರಡನ್ನು ಸೌಜನ್ಯಕ್ಕೆಂದು ಅವರಿಗೆ ಕಳಿಸಿದ್ದಾಯಿತು. ಹೊಗಳಿಕೆಯ ಒಂದು ಪುಟವನ್ನೇ ಅವರು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ‘ಇಂದು ಆ ಗಿಡಗಳು ಐದು ಮೀಟರ್ ಎತ್ತರಕ್ಕೆ ಬೆಳೆದಿವೆ’ ಎಂಬ ಸಾಲಿನ ಪಕ್ಕದಲ್ಲಿ ಮಾತ್ರ ಬರೆದಿದ್ದರು: ‘ಎಲ್ಲಿಂದ? ಕೆಸರಿನಿಂದಲೋ, ಮೊಳೆಯಿಂದಲೋ? ಗೊತ್ತಿಲ್ಲದಿದ್ದರೆ ಬಂದು ನೋಡಿ. ನಾಳೆ ಇಳಿತ ಹತ್ತೂ ಇಪ್ಪತ್ತಕ್ಕೆ.’

ಎಪ್ಪತ್ತೆರಡರ ಮುದುಕಿಯನ್ನು ಕೆಸರಿಗೆ ಕರೆಯುವುದೇ ಎಂದು ಗೊಣಗುತ್ತಲೇ ಗ್ರಂಥಪಾಲಕಿ ಕೋಲೂರಿಕೊಂಡು ಹೋದರು. ನಿವೃತ್ತಿಯಾಗಿ ಹದಿನೈದು ದಿನ ಕಳೆದಿದ್ದ ಮೊಳೆ ಮೇಡಂ ಎಂದಿನಂತೆ ಅಳತೆಗೋಲು ಹಿಡಿದು ಕಟ್ಟೆಯ ಮೇಲಿದ್ದರು. ಪಕ್ಕದಲ್ಲಿ ಗ್ರಂಥಪಾಲಕಿಯ ಅಳತೆಯದೇ ಗಂಬೂಟು, ಅದರೊಳಗೆ ಒಣಗಿದ ಒಂದು ಜೊತೆ ಕಾಲುಚೀಲ. ಅಳೆದದ್ದಾಯಿತು: ಕೆಸರಿನಿಂದ ಐದು ಮೀಟರ್ ಹತ್ತು ಸೆಂಟಿಮೀಟರ್, ಮೊಳೆಯಿಂದ ಮೂರು ಮೀಟರ್ ನಲವತ್ತು. ಓದುಗರು ದಯವಿಟ್ಟು ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ಇನ್ನು ಉಳಿದದ್ದು ಹಾರೈಕೆ. ಅವರು ನೂರು ವರ್ಷ ಬಾಳಲಿ, ಕೈಯಲ್ಲಿ ಕೋಲಿರಲಿ, ಬಾಯಲ್ಲಿ ಆ ಪ್ರಶ್ನೆಯಿರಲಿ ಎಂದು ಬರೆದರೆ, ಎಲ್ಲಿಂದ ಎಣಿಸಿ ನೂರು ಎಂದು ಅವರು ಕೇಳಿಯೇ ಕೇಳುತ್ತಾರೆ. ಈ ಸಲ ನಾವು ಅದನ್ನು ಮುಂದಿನ ಸಭೆಗೆ ಬಿಡುವುದಿಲ್ಲ. ಇವತ್ತಿನಿಂದ, ಮೇಡಂ.