ಕರ್ನಲರ ಮಗಳು

ಅಬುಧಾಬಿಯ ಆ ವಿಲ್ಲಾದಲ್ಲಿ ನಾನು ಹೋಮ್ ನರ್ಸ್ ಆಗಿದ್ದೆ. ರೋಗಿ ಬೇರೆ ದೇಶದ ಸೈನ್ಯದಲ್ಲಿ ಕರ್ನಲ್ ಆಗಿದ್ದವರು. ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲು ಬಿದ್ದುಹೋಗಿದ್ದರೂ ಮಾತು ಚೆನ್ನಾಗಿತ್ತು. ಜೊತೆಗಿದ್ದದ್ದು ಮದುವೆಯಾಗದ ಒಬ್ಬಳೇ ಮಗಳು. ಅವಳಿಗೂ ತಲೆ ನರೆತಿತ್ತು.

ಒಮ್ಮೆ ಕ್ಲಿನಿಕ್ಕಿನಿಂದ ಹೊಸ ಫಿಸಿಯೋಥೆರಪಿಸ್ಟ್ ಬಂದಳು. ಅವರದೇ ದೇಶದವಳು. ತಮ್ಮ ಭಾಷೆ ಕಿವಿಗೆ ಬಿದ್ದದ್ದೇ ಅವರು ಖುಷಿಯಾಗಿ ಊರು ಕೇಳಿದರು. ಅವಳು ಹೇಳಿದಳು. ಯುದ್ಧದ ಕಾಲದಲ್ಲಿ ಅಲ್ಲಿ ತಾನೂ ಇದ್ದೆನೆಂದು ಕರ್ನಲರು ತಮ್ಮ ಹೆಸರು ಹೇಳಿದರು. ಅವಳು ಹಿಡಿದಿದ್ದ ಕಾಲನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಮಗಳಿದ್ದ ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ.

"ನನ್ನ ಅಪ್ಪನನ್ನು ಶಾಲೆಯ ಮೈದಾನಕ್ಕೆ ಕರೆಸಿ ಕೊಲ್ಲಿಸಿದ್ದು ಈ ಮನುಷ್ಯ," ಎಂದು ಇಂಗ್ಲಿಷಿನಲ್ಲಿ, ನನಗೂ ತಿಳಿಯುವಂತೆ ಹೇಳಿದಳು. ಯುದ್ಧಾಪರಾಧದ ಕೋರ್ಟು ಅವರನ್ನು ಇನ್ನೂ ಹುಡುಕುತ್ತಿದೆ, ತಾನು ತಿಳಿಸುತ್ತೇನೆ ಎಂದು ಹೊರಟುಹೋದಳು.

ಮಗಳು ಸೂಪ್ ಕಲಕುತ್ತಲೇ ಇದ್ದಳು.

"ನನಗೆ ಗೊತ್ತಿತ್ತು ಸಿಸ್ಟರ್. ನಾವು ದೇಶ ಬಿಟ್ಟು ಓಡಿಬಂದಾಗಲೇ ಗೊತ್ತಾಗಿತ್ತು. ಹುಟ್ಟುವ ಮಗುವಿಗೆ ಇದನ್ನು ಹೇಗೆ ಹೇಳಲಿ ಎಂದೇ ಮದುವೆಯಾಗಲಿಲ್ಲ."

ರಜೆಯ ದಿನ ದುಬೈಗೆ ಬಸ್ಸು ಹಿಡಿದು ಸತ್ವಾದಲ್ಲಿದ್ದ ಅಕ್ಕನ ಹತ್ತಿರ ಕೆಲಸ ಬಿಡುತ್ತೇನೆಂದೆ. ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಬಿಟ್ಟು ಎಂತ ಮಾಡ್ತಿ? ವೀಸಾ ಅವರೇ ಕೊಟ್ಟದ್ದಲ್ವಾ? ನೀನು ಬಿಟ್ರೆ ಇನ್ನೊಬ್ಬಳು ಬಂದು ಅವರನ್ನು ಮೀಯಿಸ್ತಾಳೆ, ಅಷ್ಟೇ."

ಮರಳಿ ಹೋದೆ. ಬೆನ್ನು ಒರೆಸಿದೆ, ಗುಳಿಗೆ ಕೊಟ್ಟೆ. ಅವರ ದೇಶದಿಂದ ಆ ಕೋರ್ಟಿನ ಪರವಾಗಿ ಒಬ್ಬ ವಕೀಲ ಫೋನ್ ಮಾಡಿದ. ಆ ಮೈದಾನದಲ್ಲಿ ಏನು ಮಾಡಿದಿರಿ ಎಂದು ಮಗಳು ಮೊದಲ ಸಲ ಅಪ್ಪನನ್ನು ಕೇಳಿದಳಂತೆ. ಅವರು ಟಿವಿಯ ಸದ್ದು ಜಾಸ್ತಿ ಮಾಡಲು ಹೇಳಿದರಂತೆ. ಅವರನ್ನು ಅಲ್ಲಿಗೆ ಕರೆಸಿಕೊಳ್ಳುವ ಕಾಗದಪತ್ರ ಮುಂದಕ್ಕೆ ಹೋಗುವಷ್ಟರಲ್ಲಿ ನ್ಯುಮೋನಿಯಾ ಬಂತು. ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು.

ದಫನ ಮುಗಿದ ಮೇಲೆ ಮಗಳು ನನ್ನನ್ನು ಕರೆದುಕೊಂಡು ಆ ಕ್ಲಿನಿಕ್ಕಿಗೆ ಹೋದಳು. ಅಪ್ಪ ತೀರಿಕೊಂಡ ಸುದ್ದಿಯನ್ನು ಫಿಸಿಯೋಥೆರಪಿಸ್ಟ್ ನಿಂತುಕೊಂಡೇ ಕೇಳಿಸಿಕೊಂಡಳು.

"ನೋವಾಯಿತೇ ಅವರಿಗೆ?"

ಮಗಳು ನನ್ನ ಮುಖ ನೋಡಿದಳು. ಇಲ್ಲ ಎಂದೆ. ನೋವಾಯಿತು ಎಂದು ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ.

ಅವಳು ತಲೆಯಾಡಿಸಿ, ಕಾಯುತ್ತಿದ್ದ ರೋಗಿಯನ್ನು ಒಳಗೆ ಕರೆದಳು. ಕ್ಷಮೆ ಕೇಳಲೆಂದು ಬಂದಿದ್ದ ಮಗಳು ಕೇಳದೆಯೇ ಬಾಗಿಲ ಕಡೆ ತಿರುಗಿದಳು. ಟ್ಯಾಕ್ಸಿಯಲ್ಲಿ ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಮನೆ ಬಂದಾಗ ನಾನೇ ಎಬ್ಬಿಸಬೇಕಾಯಿತು.